ನೆಟ್ಟಗಿನ ಚಿಲುಮೆ, ಬಾಗಿದ ಪೈಪು



ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಯ ಸಂತೆಗಳಲ್ಲಿ ಕುಂಬಾರರು ಕೂಡುವ ಸಾಲಿಗೆ ಹೋದರೆ ಹರವಿ, ಗಡಿಗೆ, ಮಗಿ, ಹಣತೆಗಳ ಪಕ್ಕದಲ್ಲಿ ಒಂದು ಕಾಲಕ್ಕೆ ಚಿಲುಮೆಯ ಬುಟ್ಟಿಯೂ ಇರುತ್ತಿತ್ತು. ಗೇಣಿಗಿಂತ ಗಿಡ್ಡ, ಮೇಲೆ ಅಗಲ, ಕೆಳಗೆ ಕಿರಿದು. ಸುಟ್ಟ ಮಣ್ಣಿನ ನೆಟ್ಟಗಿನ ಕೊಳವೆ. ದಾರಿಯಲ್ಲಿ ಹೋಗುವವರ ಕಣ್ಣಿಗೆ ಬುಟ್ಟಿಯಲ್ಲಿದ್ದವೆಲ್ಲ ಒಂದೇ ಥರ. ಕೊಳ್ಳಲು ಬಂದ ಮುದುಕನಿಗೆ ಹಾಗಲ್ಲ. ಆತ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದನ್ನು ಎತ್ತಿ, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ನೋಡುತ್ತಿದ್ದ. ತೂತು ಸೊಟ್ಟಗಿದ್ದರೆ ಅದು ಪಕ್ಕಕ್ಕೆ. ಎರಡನ್ನು ಮೆಲ್ಲಗೆ ತಾಗಿಸಿ ಸಪ್ಪಳ ಕೇಳುತ್ತಿದ್ದ. ಗಡಿಗೆ ಕೊಳ್ಳುವಾಗ ಬಡಿದು ನೋಡುವ ಪರೀಕ್ಷೆಯೇ ಇಲ್ಲಿಯೂ. ಮಂದ ಸಪ್ಪಳ ಬಂದರೆ ಅರೆಬೆಂದದ್ದು, ಇಲ್ಲವೇ ಸಣ್ಣ ಬಿರುಕು ಬಿಟ್ಟದ್ದು. ಆಮೇಲೆ ಬೆರಳ ಸಂದಿನಲ್ಲಿ ಕೂರಿಸಿಕೊಂಡು, ತಂಬಾಕು ಇಲ್ಲದೆಯೇ ಒಂದು ದಮ್ಮು ಎಳೆಯುತ್ತಿದ್ದ.

"ಯವ್ವಾ, ಇದರ ಬಾಯಿ ಭಾಳ ಅಗಲಾತು. ತಂಬಾಕ ಹೆಚ್ಚಿಗಿ ತಿಂತೈತಿ."

"ಅಗಲಿದ್ರ ನಾಕ ಮಂದಿಗಿ ಆಕ್ಕೈತಿ, ಮುತ್ತ್ಯಾ. ನೀ ಒಬ್ಬನ ಸೇದಂವ ಇದ್ದರ ಈ ಸಣ್ಣದ ತಗೊ."

ಇಂಥ ಮಾತು ಯಾವ ಸಂತೆಯಲ್ಲಿಯೂ ನಡೆದಿರಬಹುದು. ಒಬ್ಬ ಸೇದುವುದಕ್ಕೆ ಒಂದು ಆಕಾರ, ನಾಲ್ಕು ಜನ ಸೇದುವುದಕ್ಕೆ ಇನ್ನೊಂದು. ತಂಬಾಕು ಸೇದುವ ಉಪಕರಣಗಳ ನಾಲ್ಕು ನೂರು ವರ್ಷದ ಕಥೆಗೆ ಈ ಲೆಕ್ಕವೇ ಬಾಗಿಲು. ಪೈಪಿನ ಆಕಾರವನ್ನು ತೀರ್ಮಾನಿಸಿದ್ದು ಚೆಂದ ಕಾಣಬೇಕೆಂಬ ಆಸೆಯೊಂದೇ ಅಲ್ಲ. ಸೇದುವವನು ಎಲ್ಲಿ ಕೂರುತ್ತಾನೆ, ಯಾರ ಜೊತೆ ಕೂರುತ್ತಾನೆ, ಅವನ ಕೈಗೆ ಬೇರೆ ಕೆಲಸ ಇದೆಯೇ ಇಲ್ಲವೇ ಎಂಬುದೇ ಹೆಚ್ಚಾಗಿ ತೀರ್ಮಾನಿಸಿತು.

ಮೊದಲು ಚಿಲುಮೆಯನ್ನೇ ನೋಡೋಣ. ಅದರ ಕಿರಿದಾದ ತುದಿಯೊಳಗೆ ಒಂದು ಹರಳುಕಲ್ಲು ಕೂರುತ್ತದೆ. ಹೊಗೆಗೆ ದಾರಿ ಬಿಟ್ಟು, ತಂಬಾಕು ಮತ್ತು ಕಿಡಿ ಬಾಯಿಗೆ ಜಾರದಂತೆ ತಡೆಯುವುದು ಅದರ ಕೆಲಸ. ಮೇಲೆ ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿದ ತಂಬಾಕು, ಅದರ ಮೇಲೆ ಕೆಂಡದ ಚೂರು. ಕೆಳತುದಿಗೆ ಒದ್ದೆ ಅರಿವೆಯ ತುಂಡು ಸುತ್ತಿದರೆ ಹೊಗೆ ಒಂದಿಷ್ಟು ತಣಿಯುತ್ತದೆ, ಬೂದಿ ಸೋಸುತ್ತದೆ, ಕಾದ ಮಣ್ಣು ಬೆರಳು ಸುಡುವುದಿಲ್ಲ. ಚಿಲುಮೆಯನ್ನು ನೆಟ್ಟಗೆ ಹಿಡಿದು, ಎರಡೂ ಕೈ ಕೂಡಿಸಿ ಗೂಡು ಮಾಡಿ, ಹೆಬ್ಬೆರಳ ಸಂದಿಗೆ ಬಾಯಿ ಹಚ್ಚಿ ಎಳೆಯುತ್ತಾರೆ. ತುಟಿ ತಾಗುವುದು ಸೇದುವವನ ಸ್ವಂತ ಕೈಗೆ, ಚಿಲುಮೆಗಲ್ಲ.

ಎಂಜಲು, ಮೈಲಿಗೆ, ಜಾತಿಯ ಲೆಕ್ಕ ಬಲವಾಗಿದ್ದ ಊರಿನಲ್ಲಿ ಒಂದೇ ಚಿಲುಮೆ ಕಟ್ಟೆಯ ಮೇಲೆ ಕೈಯಿಂದ ಕೈಗೆ ಸುತ್ತಬೇಕಾದರೆ ಬಾಯಿ ತಾಗದ ಉಪಕರಣವೇ ಬೇಕು. ಹಾಗೆಂದು ಚಿಲುಮೆ ಜಾತಿಯನ್ನು ಮುರಿಯಿತೆಂದು ಹೇಳಿದರೆ ಅದು ಸುಳ್ಳಾದೀತು. ಯಾರ ಗುಂಪಿನಲ್ಲಿ ಯಾರು ಕೂರಬಹುದು ಎಂಬುದನ್ನು ಊರು ಮೊದಲೇ ಗೆರೆ ಎಳೆದು ಇಟ್ಟಿತ್ತು. ಗೆರೆಯೊಳಗೆ ಕೂತವರ ಪಾಳಿ ಸುಸೂತ್ರವಾಗಿ ನಡೆಯಲು ಚಿಲುಮೆ ಅನುಕೂಲ ಮಾಡಿಕೊಟ್ಟಿತು, ಅಷ್ಟೇ.

ನೆಟ್ಟಗಿನ ಆಕಾರಕ್ಕೆ ಒಂದು ಕೊರತೆಯೂ ಉಂಟು. ಓರೆ ಮಾಡಿದರೆ ಕೆಂಡ ಬೀಳುತ್ತದೆ. ಎರಡು ಕೈಯೂ ಬೇಕು. ಆದ್ದರಿಂದ ಮೇಟಿ ಹಿಡಿದವನು, ಕಪಿಲೆ ಹೊಡೆಯುವವನು, ಗಾಡಿ ಹೂಡಿದವನು ಕೆಲಸ ಮಾಡುತ್ತ ಚಿಲುಮೆ ಸೇದಲಾರ. ಎತ್ತು ಬಿಡಬೇಕು, ಗಿಡದ ನೆರಳಿಗೆ ಬರಬೇಕು, ಕೂರಬೇಕು. ಚಿಲುಮೆ ವಿರಾಮದ ಸರಕು. ಹೊಲದ ಕೂಲಿಗೆ ಚಿಲುಮೆಯ ನೆಪ ಸಿಕ್ಕರೆ ಯಜಮಾನನ ಕಣ್ಣು ಕೆಂಪಾಗುತ್ತಿದ್ದುದು ಇದಕ್ಕೇ.

ಇನ್ನು ಈ ವಸ್ತು ಕನ್ನಡ ನಾಡಿಗೆ ಬಂದ ದಾರಿ. ತಂಬಾಕು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಇಳಿಯಿತು. ಗೋವೆಯಿಂದ ಘಟ್ಟ ಹತ್ತಿದರೆ ಬೆಳಗಾವಿ ಸೀಮೆ, ಮುಂದೆ ವಿಜಾಪುರ. ಗೋಕಾಕ, ಹುಕ್ಕೇರಿಗಳು ಆಗ ಆದಿಲಶಾಹಿ ಆಳ್ವಿಕೆಗೆ ಸೇರಿದ್ದವು. ಹುಕ್ಕೇರಿಯಲ್ಲಿ ಆ ಕಾಲದ ಗುಮ್ಮಟಗಳು ಇಂದಿಗೂ ನಿಂತಿವೆ. ಮೊಗಲ್ ದೊರೆ ಅಕ್ಬರನಿಗೆ ತಂಬಾಕಿನ ರುಚಿ ತೋರಿಸಿದ್ದು ಇದೇ ರಾಜ್ಯದ ರಾಜಧಾನಿ. ಅದಕ್ಕೆ ಬರವಣಿಗೆಯ ಸಾಕ್ಷಿ ಇದೆ.

1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ವಿಜಾಪುರಕ್ಕೆ ಬಂದಿದ್ದ. ಎರಡನೆಯ ಇಬ್ರಾಹಿಂ ಆದಿಲಶಹಾನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಕೊಡುವ ಮದುವೆಯ ಕೆಲಸ. ವಿಜಾಪುರದಲ್ಲಿ ಅವನಿಗೆ ತಂಬಾಕು ಕಂಡಿತು. ಉತ್ತರದಲ್ಲಿ ಇಂಥದ್ದನ್ನು ತಾನು ನೋಡಿರಲಿಲ್ಲವೆಂದು ಆತನೇ ಬರೆದಿಟ್ಟಿದ್ದಾನೆ. ಒಂದಿಷ್ಟು ತಂಬಾಕು ಕಟ್ಟಿಸಿಕೊಂಡು, ದೊರೆಗೆ ಒಪ್ಪುವಂಥ ಪೈಪೊಂದನ್ನು ಜೋಡಿಸಿದ. ನಳಿಕೆ ಸುಮಾತ್ರಾದ ಅಚೆಯಿಂದ ಬಂದದ್ದು, ಮೂರು ಮೊಳ ಉದ್ದ, ಎರಡೂ ತುದಿಗೆ ರತ್ನ ಮತ್ತು ಮೀನಾ ಕೆಲಸ. ಬಾಯಿತುದಿಗೆ ಯೆಮೆನ್ ದೇಶದ ಕೆಂಪು ಅಕೀಕ ಕಲ್ಲು, ಮೊಟ್ಟೆಯಾಕಾರದ್ದು. ಬೆಂಕಿ ಇಡಲು ಬಂಗಾರದ ಬಟ್ಟಲು. ಆದಿಲಶಹಾ ಕೊಟ್ಟಿದ್ದ ಎಲೆ ಅಡಿಕೆಯ ಚಂಚಿಯಲ್ಲಿ ಉತ್ತಮ ತಂಬಾಕು ತುಂಬಿ, ಎಲ್ಲವನ್ನೂ ಬೆಳ್ಳಿ ತಟ್ಟೆಯಲ್ಲಿಟ್ಟು ಆಗ್ರಾದ ದರ್ಬಾರಿಗೆ ಒಪ್ಪಿಸಿದ.

ಅಕ್ಬರ ಇದೇನೆಂದು ಕೇಳಿದ. ದರ್ಬಾರಿನ ಸರದಾರ ಖಾನ್-ಎ-ಆಜಂ, ಮೆಕ್ಕಾ ಮದೀನಾಗಳಲ್ಲಿ ಇದು ಗೊತ್ತಿರುವ ವಸ್ತು, ಔಷಧಿಯೆಂದು ತಂದಿದ್ದಾರೆ ಎಂದ. ದೊರೆ ಒಂದೆರಡು ದಮ್ಮು ಎಳೆದ. ಹಕೀಮ ಗಾಬರಿಯಾಗಿ ಇನ್ನು ಸಾಕೆಂದು ತಡೆದ: ನಮ್ಮ ವೈದ್ಯಗ್ರಂಥಗಳಲ್ಲಿ ಇದರ ಹೆಸರೇ ಇಲ್ಲ, ಗೊತ್ತಿಲ್ಲದ್ದನ್ನು ದೊರೆಗೆ ಹೇಗೆ ಕೊಡುವುದು? ಅಸದ್ ಬೇಗ್ ಬಿಡಲಿಲ್ಲ. ಜಗತ್ತಿನ ಎಲ್ಲ ರೂಢಿಯೂ ಒಂದಾನೊಂದು ದಿನ ಹೊಸದೇ ಆಗಿತ್ತಲ್ಲವೇ ಎಂದು ವಾದಿಸಿದ. ವಾದ ಅಕ್ಬರನಿಗೆ ಮೆಚ್ಚಿಗೆಯಾಯಿತು. ತಂಬಾಕಿನ ರೂಢಿಯನ್ನು ಮಾತ್ರ ಅವನು ಹಚ್ಚಿಕೊಳ್ಳಲಿಲ್ಲ. ಆದರೆ ಅಸದ್ ಬೇಗ್ ಬೇಕಾದಷ್ಟು ತಂಬಾಕು, ಪೈಪು ತಂದಿದ್ದ. ಸರದಾರರಿಗೆ ಹಂಚಿದ, ಅವರು ಮತ್ತೆ ಕೇಳಿದರು, ವ್ಯಾಪಾರಿಗಳು ತರಿಸಿ ಮಾರತೊಡಗಿದರು. 1617ರಲ್ಲಿ ಜಹಾಂಗೀರ ತಂಬಾಕು ನಿಷೇಧಿಸಿ ಆಜ್ಞೆ ಹೊರಡಿಸುವ ಹೊತ್ತಿಗೆ ಕೈಮೀರಿತ್ತು. ಹಕೀಮನ ಮಾತು ಸರಿಯಾಗಿತ್ತೆಂದು ವೈದ್ಯಶಾಸ್ತ್ರ ಒಪ್ಪಲು ಇನ್ನೂ ಮುನ್ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಆ ವರ್ಣನೆಯಲ್ಲಿ ನಳಿಕೆ ಇದೆ, ಬಾಯಿತುದಿ ಇದೆ, ಬೆಂಕಿಯ ಬಟ್ಟಲಿದೆ. ನೀರಿನ ಮಾತೇ ಇಲ್ಲ. ಅಂದರೆ ಅಕ್ಬರನ ಕೈಗೆ ಬಂದದ್ದು ಹೊಗೆಯನ್ನು ನೀರಿನಲ್ಲಿ ಹಾಯಿಸುವ ಗುಡಗುಡಿ, ಎಂದರೆ ಹುಕ್ಕಾ, ಅಲ್ಲ; ಉದ್ದನೆಯ ಒಣ ಪೈಪು ಎಂದು ಓದುವುದೇ ಸರಳ. ಮೂರು ಮೊಳದ ನಳಿಕೆಯ ಉಪಯೋಗ ಸೇದಿದವರಿಗೆ ಗೊತ್ತು: ದಾರಿ ಉದ್ದವಾದಷ್ಟು ಹೊಗೆ ತಣಿಯುತ್ತದೆ. ಅದರ ಜೊತೆಗೆ ಇನ್ನೊಂದೂ ಇತ್ತು. ಮೂರು ಮೊಳದ ಪೈಪಿಗೆ ಸೇದುವವನೇ ಬೆಂಕಿ ಹಚ್ಚಿಕೊಳ್ಳುವುದು ಕಷ್ಟ, ಇನ್ನೊಬ್ಬ ಬೇಕು. ಆಳು ಇಲ್ಲದವನಿಗೆ ಅದು ದಕ್ಕುವ ಆಕಾರವಲ್ಲ.

ನೀರಿನ ಗುಡಗುಡಿ ಬಂದ ಮೇಲೆ ಬೀದರಿನ ಕುಶಲಕರ್ಮಿಗಳಿಗೆ ಕೈತುಂಬ ಕೆಲಸವಾಯಿತು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿ ಮತ್ತು ತಗಡು ಕೂರಿಸಿ, ಬೀದರ ಕೋಟೆಯ ಮಣ್ಣಿನಿಂದ ಕಪ್ಪು ಬರಿಸುವ ಬಿದರಿ ಕೆಲಸದಲ್ಲಿ ಗುಡಗುಡಿಯ ನೀರಿನ ಬುಡಗಳೇ ಹೆಸರಾದವು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ, ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದಲ್ಲಿ ಅವನ್ನು ನೋಡಬಹುದು. ಹಳೆಯವು ಗುಂಡಗೆ, ಉರುಳದಂತೆ ಕೆಳಗೊಂದು ಬಳೆಯಾಕಾರದ ಸಿಂಬಿ ಬೇಕು. 18ನೇ ಶತಮಾನ ಮುಂದುವರಿದಂತೆ ಬುಡ ಚಪ್ಪಟೆಯಾಗಿ ಗಂಟೆಯ ಆಕಾರಕ್ಕೆ ತಿರುಗಿತು. ಗಂಟೆಯಾಕಾರ ತಾನೇ ನಿಲ್ಲುತ್ತದೆ. ಸಂಗ್ರಹಾಲಯದವರು ಬುಡದ ಆಕಾರ ನೋಡಿಯೇ ಅದು ಮೊದಲಿನದೋ ನಂತರದ್ದೋ ಎಂದು ಸುಮಾರಾಗಿ ಹೇಳಬಲ್ಲರು. ಬಡವರ ಮನೆಯಲ್ಲಿ ಬಿದರಿಯ ಜಾಗಕ್ಕೆ ತೆಂಗಿನ ಕರಟ ಬಂತು. ಗುಂಡಗಿದ್ದರೂ ಚಿಂತೆಯಿಲ್ಲ, ಕೈಯಲ್ಲೇ ಹಿಡಿದು ಸೇದಬಹುದು.

ಗುಡಗುಡಿಯ ತಂಬಾಕಿಗೆ ಬೆಲ್ಲ ಅಥವಾ ಕಾಕಂಬಿ ಕಲಸುತ್ತಾರೆ. ಮೂಡಲಗಿ, ಗೋಕಾಕದ ಕಡೆ ಕಬ್ಬಿಗೆ, ಬೆಲ್ಲಕ್ಕೆ ಬರವಿಲ್ಲ. ಆದರೂ ಇಲ್ಲಿಯ ಒಕ್ಕಲಿಗನ ಕೈಗೆ ಅಂಟಿದ್ದು ಗುಡಗುಡಿಯಲ್ಲ, ಒಣ ಚಿಲುಮೆಯೇ. ನೀರು, ಕೊಳವೆ, ಎರಡು ಮೂರು ತುಂಡು ಜೋಡಣೆಯ ವಸ್ತುವನ್ನು ಹೊಲಕ್ಕೆ, ಕುರಿಹಟ್ಟಿಗೆ ಹೊತ್ತು ಹೋಗುವವರು ಯಾರು? ಚಿಲುಮೆ, ಚಕಮಕಿ, ತಂಬಾಕು ಮೂರೂ ಒಂದು ಚಂಚಿಯಲ್ಲಿ ಹಿಡಿಯುತ್ತವೆ.

ಯುರೋಪಿನವರೂ ಮಣ್ಣಿನಿಂದಲೇ ಶುರು ಮಾಡಿದರು. ಇಂಗ್ಲೆಂಡಿನಲ್ಲಿ, ಹಾಲೆಂಡಿನ ಗೌಡಾ ಪಟ್ಟಣದಲ್ಲಿ ಬಿಳಿ ಜೇಡಿಯ ಪೈಪುಗಳನ್ನು ಲಕ್ಷಗಟ್ಟಲೆ ಅಚ್ಚು ಹಾಕಿದರು. ತಂಬಾಕು ತುಟ್ಟಿಯಾಗಿದ್ದ ಮೊದಲ ದಿನಗಳಲ್ಲಿ ಬಟ್ಟಲು ಬಹಳ ಚಿಕ್ಕದು; ಬೆಲೆ ಇಳಿದಂತೆ ಬಟ್ಟಲು ಹಿಗ್ಗಿತು. ನಳಿಕೆ ಉದ್ದವಾಗುತ್ತ ಹೋದಂತೆ ಒಳಗಿನ ತೂತು ಕಿರಿದಾಯಿತು. 1954ರಲ್ಲಿ ಅಮೆರಿಕದ ಪುರಾತತ್ವಜ್ಞ ಜೆ. ಸಿ. ಹ್ಯಾರಿಂಗ್ಟನ್ ಒಂದು ಸಂಗತಿ ಗಮನಿಸಿದ: 17ನೇ ಶತಮಾನದ ಆರಂಭದ ನಳಿಕೆಗಳ ತೂತು ಇಂಚಿನ 64ರಲ್ಲಿ 9 ಭಾಗದಷ್ಟಿದ್ದರೆ, 18ನೇ ಶತಮಾನದ ಕೊನೆಗೆ 4 ಭಾಗಕ್ಕೆ ಬಂದಿತ್ತು. ಅಂದಿನಿಂದ ವರ್ಜೀನಿಯಾದ ಹಳೆಯ ವಸಾಹತುಗಳನ್ನು ಅಗೆಯುವವರು ಒಡೆದ ನಳಿಕೆಯ ತೂತಿಗೆ ಡ್ರಿಲ್ ಕಡ್ಡಿ ತೂರಿಸಿ ಕಾಲ ಲೆಕ್ಕ ಹಾಕುತ್ತಾರೆ.

ಮಣ್ಣಿನ ಪೈಪು ಬಿದ್ದರೆ ಒಡೆಯುತ್ತದೆ, ಬಟ್ಟಲು ಕೈ ಸುಡುತ್ತದೆ, ಹಲ್ಲಿನಲ್ಲಿ ಕಚ್ಚಿದರೆ ಹಲ್ಲು ಸವೆಯುತ್ತದೆ. 19ನೇ ಶತಮಾನದ ನಡುವಿಗೆ ಫ್ರಾನ್ಸಿನ ಸೇಂಟ್ ಕ್ಲೋದ್ ಎಂಬ ಬೆಟ್ಟದ ಊರಿನ ಮರಗೆಲಸದವರು ಬ್ರಯರ್ ಕಟ್ಟಿಗೆಗೆ ಕೈ ಹಚ್ಚಿದರು. ಮೆಡಿಟರೇನಿಯನ್ ತೀರದ ಗುಡ್ಡಗಳಲ್ಲಿ ಬೆಳೆಯುವ ಒಂದು ಪೊದೆಯ ಬೇರಿನ ಗಂಟು ಅದು. ಗಂಟನ್ನು ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿ, ಆಮೇಲೆ ತಿರುಗಣಿಗೆ ಹಾಕುತ್ತಾರೆ. ಗಟ್ಟಿ, ಕಾವು ತಾಳುತ್ತದೆ, ಪಸೆ ಹೀರುತ್ತದೆ.

ಇಲ್ಲಿ ಗೋಕಾಕದ ಬೊಂಬೆಗಾರರ ನೆನಪಾಗದಿರದು. ಹಗುರ ಕಟ್ಟಿಗೆಯಲ್ಲಿ ಹಣ್ಣು, ಕಾಯಿಪಲ್ಯೆ, ಪ್ರಾಣಿ, ಮನುಷ್ಯರನ್ನು ಕೆತ್ತಿ, ಬಣ್ಣ ಕೊಟ್ಟು, ನಿಜವಾದ ಬಾಳೆಹಣ್ಣೇ ಎಂದು ಕೈ ಚಾಚುವಂತೆ ಮಾಡುವ ಮನೆತನಗಳು ಅಲ್ಲಿವೆ. ಕೈಚಳಕಕ್ಕೆ ಕೊರತೆಯಿಲ್ಲ, ಪೈಪಿಗೆ ಒಗ್ಗದಿರುವುದು ಕಟ್ಟಿಗೆ. ಬೊಂಬೆಗೆ ಬೇಕಾದ ಮೆದು, ಹಗುರ ಗುಣವೇ ಬೆಂಕಿಯ ಮುಂದೆ ದೋಷವಾಗುತ್ತದೆ. ಈ ಸೀಮೆಯಲ್ಲಿ ಸೇದುವ ವಸ್ತು ಮರದ ಕೆಲಸಗಾರನ ಬಳಿ ಹೋಗದೆ ಕುಂಬಾರನ ತಿಗರಿಯ ಬಳಿ ಉಳಿದದ್ದಕ್ಕೆ ಇದೂ ಒಂದು ಕಾರಣವಿರಬೇಕು. ಬೆಳಗಾವಿ ಜಿಲ್ಲೆಯಲ್ಲಿ ಮಣ್ಣಿಗೇನೂ ಬಡತನವಿಲ್ಲ. ಖಾನಾಪುರದ ಮಣ್ಣು ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಕುಂಬಾರಿಕೆಯ ಸಂಸ್ಥೆ ಇಟ್ಟದ್ದೂ ಅಲ್ಲಿಯೇ.

ಬ್ರಯರ್ ಬಂದ ಮೇಲೆ ಯುರೋಪಿನ ಪೈಪಿಗೆ ಆಕಾರಗಳ ಹಬ್ಬ. ಬಿಲಿಯರ್ಡ್ ಎಂಬುದು ಎಲ್ಲಕ್ಕೂ ಮೂಲ: ನೆಟ್ಟಗಿನ ನಳಿಕೆ, ಅದಕ್ಕೆ ಲಂಬವಾಗಿ ನಿಂತ ಬಟ್ಟಲು. ಬಟ್ಟಲನ್ನು ದುಂಡಗೆ ಮಾಡಿದರೆ ಆಪಲ್, ಗಿಡ್ಡ ಮತ್ತು ಅಗಲ ಮಾಡಿದರೆ ಪಾಟ್, ಮೇಲಕ್ಕೆ ಅಗಲವಾಗುತ್ತ ಹೋದರೆ ಡಬ್ಲಿನ್. ಬಟ್ಟಲಿನ ಸುತ್ತ ಗೆರೆ ಕೊರೆದು ನಳಿಕೆಯ ಬುಡ ಚೌಕಾಗಿಸಿದರೆ ಬುಲ್‌ಡಾಗ್. ತಳ ಚಪ್ಪಟೆಯಾಗಿ ಮೇಜಿನ ಮೇಲೆ ತಾನೇ ನಿಲ್ಲುವುದು ಪೋಕರ್; ಬಿದರಿಯವರು ಕಂಡುಕೊಂಡ ಉಪಾಯವನ್ನೇ ಇವರೂ ಕಂಡುಕೊಂಡರು. ಕುರ್ಚಿಯಲ್ಲಿ ಒರಗಿ ಪುಸ್ತಕ ಹಿಡಿದವರಿಗೆ ಮೊಳದುದ್ದದ ಚರ್ಚ್‌ವಾರ್ಡನ್.

ಇಷ್ಟರಲ್ಲಿ ಯಾವುದನ್ನು ಆರಿಸುವುದು? ಅಂಗಡಿಯವರು ಮುಖಕ್ಕೆ ಒಪ್ಪುವುದನ್ನು ತೋರಿಸುತ್ತಾರೆ. ಬಳಸಿದವರ ಲೆಕ್ಕ ಬೇರೆ. ಹಲ್ಲಿನಲ್ಲಿ ಕಚ್ಚಿಕೊಂಡು ಎರಡೂ ಕೈಯಿಂದ ಕೆಲಸ ಮಾಡುವವನಿಗೆ ಬಾಗಿದ ಪೈಪು ಬೇಕು. ಬಟ್ಟಲು ಗದ್ದದ ಕೆಳಗೆ ಇಳಿದು ತೂಗುವುದರಿಂದ ದವಡೆಗೆ ಭಾರ ಕಡಿಮೆ. ಆದರೆ ಬಾಗಿದ ಕಡೆ ಪಸೆ ನಿಂತು ಗೊರಗೊರ ಎನ್ನುತ್ತದೆ, ಒರೆಸುವ ಕಡ್ಡಿ ಒಳಗೆ ಹೋಗಲು ತಕರಾರು. ನೆಟ್ಟಗಿನದು ಸ್ವಚ್ಛ ಮಾಡಲು ಸುಲಭ. ಅಗಲ ಬಟ್ಟಲಿನಲ್ಲಿ ಬೆಂಕಿ ಹರಡಿಕೊಳ್ಳುತ್ತದೆ, ಕಿರಿದಾದದ್ದರಲ್ಲಿ ಆಳಕ್ಕೆ ಇಳಿಯುತ್ತದೆ. ತಂಬಾಕಿನ ತಳಿ, ಕತ್ತರಿಸಿದ ಬಗೆ ನೋಡಿ ಇವೆರಡರಲ್ಲಿ ಒಂದು. ಡಬ್ಲಿನ್ನಿನ ಪೀಟರ್ಸನ್ ಕಂಪನಿಯ ಚಾರ್ಲ್ಸ್ ಪೀಟರ್ಸನ್ ಪಸೆಯ ಸಮಸ್ಯೆಗೇ ತಲೆ ಕೆಡಿಸಿಕೊಂಡು, ನಳಿಕೆಯ ಕೆಳಗೆ ಪಸೆ ಇಳಿದು ನಿಲ್ಲುವ ಸಣ್ಣ ಗುಳಿಯೊಂದನ್ನು ಮಾಡಿ 1890ರಲ್ಲಿ ಪೇಟೆಂಟ್ ಪಡೆದ. ಒಂದೇ ಪೈಪನ್ನು ದಿನವೂ ಸೇದಿದರೆ ಕಟ್ಟಿಗೆ ಒಣಗುವುದಿಲ್ಲವೆಂದು ವಾರಕ್ಕೆ ಏಳು ಪೈಪಿನ ಪೆಟ್ಟಿಗೆಯನ್ನೇ ಮಾರಿದರು. ಇದು ಅರ್ಧ ಶಾಸ್ತ್ರ, ಅರ್ಧ ವ್ಯಾಪಾರ.

ಆಕಾರಕ್ಕೂ ಚಿತ್ರಪಟಕ್ಕೂ ಗಂಟು ಬಿದ್ದ ಉದಾಹರಣೆ ಕಥೆಗಳ ಪತ್ತೇದಾರ ಷರ್ಲಾಕ್ ಹೋಮ್ಸ್. ದೊಡ್ಡದಾಗಿ ಬಾಗಿದ ಸೋರೆಬುರುಡೆಯ ಪೈಪಿಲ್ಲದೆ ಅವನ ಚಿತ್ರವೇ ಇಲ್ಲ ಎನ್ನುವಂತಾಗಿದೆ. ಕಾನನ್ ಡಾಯ್ಲ್ ಕಥೆಗಳಲ್ಲಿ ಅವನು ಸೇದುವುದು ಮಣ್ಣಿನದು, ಬ್ರಯರ್, ಚೆರಿ ಕಟ್ಟಿಗೆಯದು. ಸೋರೆಬುರುಡೆಯ ಪೈಪು ಎಲ್ಲಿಯೂ ಇಲ್ಲ. 1899ರಲ್ಲಿ ರಂಗದ ಮೇಲೆ ಹೋಮ್ಸನಾದ ಅಮೆರಿಕದ ನಟ ವಿಲಿಯಂ ಜಿಲೆಟ್ ಬಾಗಿದ ಪೈಪನ್ನು ಬಾಯಿಗಿಟ್ಟ. ಬಾಗಿದ್ದರೆ ಮಾತಾಡಲು ಸಲೀಸು, ಮುಖವೂ ಮರೆಯಾಗುವುದಿಲ್ಲ ಎಂಬ ವಿವರಣೆ ರೂಢಿಯಲ್ಲಿದೆ. ಬಾಗು ಆಮೇಲೆ ಬೆಳೆಯುತ್ತ ಹೋಯಿತು.

ರೊಕ್ಕ ಕಡಿಮೆ ಇದ್ದವರಿಗೆ ಅಮೆರಿಕದಲ್ಲಿ ಗೋವಿನಜೋಳದ ದಿಂಡಿನ ಪೈಪು. ಕಾಳು ಉದುರಿಸಿದ ತೆನೆಯ ದಿಂಡನ್ನು ಕೊರೆದು, ಗಚ್ಚು ಮೆತ್ತಿ, ನಳಿಕೆ ಚುಚ್ಚಿದರೆ ಆಯಿತು. ಮಿಸೌರಿ ರಾಜ್ಯದ ವಾಷಿಂಗ್ಟನ್ ಎಂಬ ಊರಿನಲ್ಲಿ 1869ರಿಂದ ಇದರ ಕಾರ್ಖಾನೆ ನಡೆದಿದೆ. ಅಮೆರಿಕದ ಸೇನಾನಿ ಜನರಲ್ ಮ್ಯಾಕಾರ್ಥರನ ಬಾಯಲ್ಲಿದ್ದದ್ದೂ ದಿಂಡಿನ ಪೈಪೇ. ಮೂಡಲಗಿಯ ಹೊಲದಲ್ಲಿ ಗೋವಿನಜೋಳದ ದಿಂಡು ಒಲೆಗೆ ಹೋಗುತ್ತದೆ. ಅದನ್ನು ಇಲ್ಲಿ ಯಾರೂ ಕೊರೆಯದಿದ್ದುದು ಒಳ್ಳೆಯದೇ ಆಯಿತು.

ಯುರೋಪು, ಅಮೆರಿಕದ ಈ ಎಲ್ಲ ಬಗೆಗಳಿಗೂ ಒಂದು ಸಮಾನ ಗುಣವಿದೆ: ಒಬ್ಬನ ಪೈಪು ಒಬ್ಬನಿಗೇ. ಬಾಯಿ ತಾಗುತ್ತದೆ, ಹಲ್ಲಿನ ಗುರುತು ಮೂಡುತ್ತದೆ, ಹಂಚಿಕೊಳ್ಳುವಂತಿಲ್ಲ. ಆಕಾರದ ಆಯ್ಕೆಗೆ ಅಷ್ಟು ಮಹತ್ವ ಬಂದದ್ದು ಅದಕ್ಕೇ. ಕಟ್ಟೆಯ ಮೇಲಿನ ಚಿಲುಮೆಗೆ ಯಜಮಾನನೊಬ್ಬನಿದ್ದರೂ ಸೇದುವವರು ನಾಲ್ಕಾರು ಜನ. ಹೀಗಾಗಿ ಶತಮಾನಗಳ ಕಾಲ ಅದರ ಆಕಾರ ಹೆಚ್ಚು ಅಲ್ಲಾಡಲಿಲ್ಲ. ಬದಲಾದದ್ದು ಉದ್ದ, ಬಾಯಿಯ ಅಗಲ, ಸುತ್ತಲಿನ ಗೀರುಗೆರೆ.

ತಂಬಾಕಿನ ಗುಣವನ್ನೂ ಸೇರಿಸಿ ನೋಡಬೇಕು. ಕರ್ನಾಟಕದಲ್ಲಿ ಎರಡು ತಂಬಾಕಿನ ಸೀಮೆಗಳಿವೆ. ದಕ್ಷಿಣದಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್ನಿನ ಬಿಸಿಗಾಳಿಯಲ್ಲಿ ಹದ ಮಾಡುವ ಸಿಗರೇಟಿನ ತಂಬಾಕು, ತಂಬಾಕು ಮಂಡಳಿಯ ಹರಾಜು ಕಟ್ಟೆಗಳು. ಉತ್ತರದಲ್ಲಿ ನಿಪ್ಪಾಣಿ, ಚಿಕ್ಕೋಡಿ, ಹುಕ್ಕೇರಿಯ ಕಡೆ ಬಿಸಿಲಿನಲ್ಲಿ ಒಣಗಿಸುವ ಬೀಡಿ ತಂಬಾಕು. ಮಳೆಗಾಲದಲ್ಲಿ ಅಗಿ ಹಚ್ಚಿ, ತುದಿ ಚಿವುಟಿ, ಬಗಲ ಕುಡಿ ಮುರಿದು ಗಿಡದ ಬಲವನ್ನೆಲ್ಲ ಎಲೆಗೆ ತಿರುಗಿಸುತ್ತಾರೆ. ಎಲೆಯ ಮೇಲೆ ಕಂದು ಚುಕ್ಕೆ ಮೂಡಿದರೆ ಬಲಿತಂತೆ. ಗಿಡ ಕಡಿದು, ಹೊಲದಲ್ಲೇ ಹರಡಿ, ಮಗ್ಗಲು ತಿರುವಿ ಒಣಗಿಸಿ, ಬಡಿದು ಎಲೆಯ ಚೂರು ಮತ್ತು ಕಡ್ಡಿ ಬೇರೆ ಮಾಡುತ್ತಾರೆ. ಅಲ್ಲಿಂದ ನಿಪ್ಪಾಣಿಯ ವಖಾರಿಗೆ. ವಿಲಾಯಿತಿ ಪೈಪಿನ ತಂಬಾಕು ಪಸೆಯಿರುವ, ಎಳೆಯೆಳೆಯಾಗಿ ಕತ್ತರಿಸಿದ ಸರಕು; ಮೆಲ್ಲಗೆ ಒತ್ತಿ ತುಂಬಿ ಅರ್ಧ ಗಂಟೆ ಸೇದುತ್ತಾರೆ, ಹೊಗೆ ಬಾಯಲ್ಲೇ ತಿರುಗಿ ಹೊರಬರುತ್ತದೆ. ನಮ್ಮ ಕಡೆಯದು ಒಣ, ಖಾರ, ನಿಕೋಟಿನ್ ಹೆಚ್ಚು. ಸಡಿಲವಾಗಿ ತುಂಬಿ ಕೆಂಡ ಇಟ್ಟರೆ ನಾಲ್ಕು ದಮ್ಮಿಗೆ ಮುಗಿಯುತ್ತದೆ. ಅದನ್ನು ಬ್ರಯರ್ ಬಟ್ಟಲಿಗೆ ತುಂಬಿದರೆ ನಾಲಿಗೆ ಸುಟ್ಟೀತು, ಕೆಮ್ಮು ಹತ್ತೀತು. ಎಲೆಗೆ ತಕ್ಕ ಕೊಳವೆ ಎಂದರೆ ಇದು.

ಚಿಲುಮೆಯನ್ನು ಕಟ್ಟೆಯಿಂದ ಇಳಿಸಿದ್ದು ವೈದ್ಯರಲ್ಲ, ಕಾನೂನೂ ಅಲ್ಲ, ಬೀಡಿ. ಅದಕ್ಕೆ ಹರಳು ಬೇಡ, ಅರಿವೆ ಬೇಡ, ಕೆಂಡವಂತೂ ಬೇಡ. ಚಕಮಕಿ ಕಲ್ಲಿಗೆ ಉಕ್ಕು ಬಡಿದು, ಕಿಡಿಯನ್ನು ಅರಳೆಗೆ ಹಿಡಿಸಿ, ಊದಿ ಊದಿ ಬೆಂಕಿ ಮಾಡುತ್ತಿದ್ದವರ ಕೈಗೆ ಬೆಂಕಿಪೊಟ್ಟಣ ಬಂದ ಮೇಲೆ ಒಂದು ಕೈಯಲ್ಲಿ ಬೀಡಿ, ಇನ್ನೊಂದು ಕೈಯಲ್ಲಿ ಬಾರುಕೋಲು. ಪಾಳಿ ಕಾಯುವ ಮಾತೇ ಇಲ್ಲ. ಹೊಲದಲ್ಲಿ ಕೂತು ಸೇದುವವನನ್ನು ಗದರಿಸುತ್ತಿದ್ದ ಯಜಮಾನನಿಗೂ ಸಮಾಧಾನ. ಚಿಲುಮೆ ಮಾಡಿದ ಕುಂಬಾರನಿಗೆ ಹೋಗುತ್ತಿದ್ದ ಕಾಸು ಬೀಡಿ ಸುತ್ತುವ ತೆಂಡು ಎಲೆಯ ವ್ಯಾಪಾರಿಗೆ ಹೋಯಿತು. ನಿಪ್ಪಾಣಿಯ ಸಾವಿರಾರು ಹೆಂಗಸರು ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತಿದರು. ತಂಬಾಕು ಬೆಳೆದವನಿಗೆ ಸಿಕ್ಕಿದ್ದೆಷ್ಟು ಎಂಬ ಪ್ರಶ್ನೆ 1981ರಲ್ಲಿ ಬೀದಿಗೆ ಬಂತು. ಶರದ್ ಜೋಶಿಯವರ ಮುಂದಾಳುತನದಲ್ಲಿ ಬೆಳೆಗಾರರು ಯೋಗ್ಯ ಬೆಲೆ ಕೇಳಿ ನಿಪ್ಪಾಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆಯೇ ಕೂತರು. ಆ ಚಳವಳಿ ಪೊಲೀಸರ ಗೋಲಿಬಾರಿನಲ್ಲಿ, ರೈತರ ಸಾವಿನಲ್ಲಿ ಮುಗಿಯಿತು. ಇತ್ತ ಗೋಕಾಕ, ಹುಕ್ಕೇರಿ, ಮೂಡಲಗಿಯ ಕಡೆ ಬೆಳೆಯೇ ಬದಲಾಯಿತು: ಘಟಪ್ರಭೆಯ ಕಾಲುವೆ ಹರಿದಲ್ಲೆಲ್ಲ ಕಬ್ಬು ಬಂತು.

ಚಿಲುಮೆ ಸಾಧುಗಳ ಕೈಯಲ್ಲಿ ಮಾತ್ರ ಉಳಿದು, ಗಾಂಜಾದ ಹೆಸರಿನೊಂದಿಗೆ ಗಂಟು ಬಿತ್ತು. ಇಂದು ಹುಡುಗನೊಬ್ಬನ ಕಿಸೆಯಲ್ಲಿ ಚಿಲುಮೆ ಸಿಕ್ಕರೆ ಪೊಲೀಸರಿಗೆ ತಂಬಾಕು ನೆನಪಾಗುವುದಿಲ್ಲ. ಮುತ್ತ್ಯಾನ ಕಾಲದಲ್ಲಿ ಅದು ಮನೆಯ ಮಾಡಿನಲ್ಲಿ ಎಲ್ಲರ ಕಣ್ಣೆದುರೇ ಇರುತ್ತಿದ್ದ ವಸ್ತು.

ಯಾವ ಆಕಾರ ಕಡಿಮೆ ಕೆಡುಕಿನದು ಎಂದು ಕೇಳುವವರಿದ್ದಾರೆ. ಉತ್ತರ ಸಣ್ಣದು. ಗುಡಗುಡಿಯ ನೀರು ಹೊಗೆಯನ್ನು ತಣಿಸುತ್ತದೆ, ವಿಷವನ್ನು ತೊಳೆಯುವುದಿಲ್ಲ. ಪೈಪಿನ ಹೊಗೆ ಎದೆಗೆ ಇಳಿಸದಿದ್ದರೂ ತುಟಿ, ನಾಲಿಗೆ, ಗಂಟಲಿನ ಕ್ಯಾನ್ಸರಿಗೆ ದಾರಿ. ಚಿಲುಮೆಯಲ್ಲಿ ಹೊಗೆ ಎದೆಗೂ ಇಳಿಯುತ್ತದೆ. ಸೇದಿದವನ ಕೆಮ್ಮು ಬೆಳಗಿನ ಜಾವ ಓಣಿಗೆಲ್ಲ ಕೇಳುತ್ತಿತ್ತು. 2003ರ ಕೇಂದ್ರ ಕಾನೂನು, 2008ರ ಅಕ್ಟೋಬರ್ 2ರಿಂದ ಬಿಗಿಯಾಗಿ ಜಾರಿಗೆ ಬಂದ ಸಾರ್ವಜನಿಕ ಸ್ಥಳದ ಧೂಮಪಾನ ನಿಷೇಧ ಬೀಡಿಗೂ ಚಿಲುಮೆಗೂ ಪೈಪಿಗೂ ಒಂದೇ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹುಕ್ಕಾವನ್ನೇ ನಿಷೇಧಿಸಿತು, ಏಪ್ರಿಲ್‌ನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ತಂಬಾಕು ಉತ್ತರಕ್ಕೆ ಪಯಣ ಬೆಳೆಸಿದ ನಾಡಿನಲ್ಲಿ ಅಕ್ಬರನ ಹಕೀಮನಿಗೆ ಸಿಕ್ಕ ತಡವಾದ ಗೆಲುವು ಎನ್ನಬಹುದೇನೋ.

ಉಳಿದದ್ದು ವಸ್ತುವಿನ ಪ್ರಶ್ನೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳೆಯ ಮನೆಗಳ ಅಟ್ಟದಲ್ಲಿ, ಮಾಡಿನಲ್ಲಿ, ದನದ ಕೊಟ್ಟಿಗೆಯ ಗೋಡೆ ಕೆಡವುವಾಗ ಇನ್ನೂ ಚಿಲುಮೆಗಳು ಸಿಗುತ್ತವೆ. ಹ್ಯಾರಿಂಗ್ಟನ್ನನ ಡ್ರಿಲ್ ಕಡ್ಡಿ ಇವುಗಳಿಗೆ ನಡೆಯದು. ಕೈಯಿಂದ ಮಾಡಿದ ತೂತಿಗೆ ಕಾಲದ ಲೆಕ್ಕವಿಲ್ಲ, ಕುಂಬಾರನ ಕಡ್ಡಿಯ ಲೆಕ್ಕವಿದೆ. ಆದ್ದರಿಂದ ಬೇರೆ ವಿವರವೇ ಬೇಕು: ಯಾವ ಊರು, ಯಾರ ಮನೆ, ಯಾವ ಸಂತೆಯಲ್ಲಿ ಕೊಂಡದ್ದು, ಮಾಡಿದವರು ಎಲ್ಲಿಯ ಕುಂಬಾರರು, ಬಾಯಿಯ ಅಗಲ ಎಷ್ಟು ಬೆರಳು, ಹರಳು ಒಳಗೆ ಇದೆಯೇ. ಒಂದು ಚೀಟಿಯಲ್ಲಿ ಇಷ್ಟು ಬರೆದು ಜೊತೆಗಿಟ್ಟರೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೋ, ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ಕೊಡುವಂಥ ವಸ್ತುವಾಗುತ್ತದೆ. ಒಳಗಿನ ಮಸಿಯನ್ನು ತೊಳೆಯಬಾರದು. ಅದರಲ್ಲಿ ಏನು ಸೇದಿದ್ದರೆಂದು ಪ್ರಯೋಗಾಲಯದವರು ಕಂಡುಹಿಡಿಯುವುದು ಆ ಮಸಿಯಿಂದಲೇ. ಮುತ್ತ್ಯಾ ತಂಬಾಕನ್ನಷ್ಟೇ ಸೇದುತ್ತಿದ್ದ ಎಂದು ಖಾತ್ರಿ ಇಲ್ಲದವರು ಕೊಡುವ ಮೊದಲು ಮನೆಯವರನ್ನು ಒಂದು ಮಾತು ಕೇಳುವುದು ಒಳ್ಳೆಯದು.